ಡ್ರಮ್ಮಿಗೆ ಹತ್ತಿದ ಕೆಮ್ಮು

ಸರೋವರದ ದಂಡೆಯ ನೃತ್ಯಮಂಟಪದಲ್ಲಿ ಕಳೆದ ಶನಿವಾರ ಒಂದು ಟ್ಯಾಂಗೊ ಹಾಡು ತನ್ನ ಅತ್ಯಂತ ದುಃಖದ ಘಟ್ಟ ತಲುಪಿದ್ದಾಗ ಟೌನೊನ ದೊಡ್ಡ ಡ್ರಮ್ಮು ಕೆಮ್ಮಿತು. 'ದುಮ್' ಅನ್ನಬೇಕಾದ ಕಡೆ 'ದುಬ್‌ಜಿರ್ರ್' ಅಂದಿತು. ಅಪ್ಪಿಕೊಂಡು ಕುಣಿಯುತ್ತಿದ್ದ ಜೋಡಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಟೌನೊ ನೆಲದ ಹಲಗೆ ನೋಡಿದ, ಚಾವಣಿ ನೋಡಿದ, ಕೊನೆಗೆ ಪಿಟೀಲಿನವನನ್ನು ದುರುಗುಟ್ಟಿ ನೋಡಿದ. ಆ ಹಾಡು ಮುಗಿಯುವುದರೊಳಗೆ ಡ್ರಮ್ಮು ಇನ್ನೂ ನಲವತ್ತು ಸಲ ಕೆಮ್ಮಿತು.

ಇಂದು ಮತ್ತೆ ಶನಿವಾರ. ಬೆಳಗ್ಗೆ ಎಂಟಕ್ಕೆ ಅವನು ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಫೋನ್ ಬಂತು. ಮಂಟಪ ನಡೆಸುವ ಹೆಲ್ಮಿ ಎಂಬಾಕೆಯದು. ವಯಸ್ಸು ಎಪ್ಪತ್ತೆರಡಾದರೂ ಹೆಲ್ಮಿಯ ದನಿ ಕೇಳಿದರೆ ಊರಿನ ಗಂಡಸರು ಕೂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

"ಟೌನೊ, ಮುಂದಿನ ವಾರ ನಡುಬೇಸಿಗೆ ಹಬ್ಬ. ನಾಲ್ಕೂರಿನ ಜನ ಬರ್ತಾರೆ. ನಿನ್ನ ಡ್ರಮ್ಮಿಗೆ ಕ್ಷಯ ಹತ್ತಿದೆ."

"ಏನೋ ಒಂದು ಸ್ಕ್ರೂ ಸಡಿಲ ಆಗಿರ್ಬೇಕು ಹೆಲ್ಮಿಯವರೇ."

"ಏನು ಸಡಿಲವೋ ನಂಗೊತ್ತಿಲ್ಲ. ಇವತ್ತು ಸಂಜೆ ಅದು ಇನ್ನೊಂದು ಸಲ ಕೆಮ್ಮಿದ್ರೆ ಹಬ್ಬದ ದಿನ ನನ್ನ ವೇದಿಕೆ ಮೇಲೆ ಆ ಡ್ರಮ್ಮು ಇರಲ್ಲ."

ಫೋನ್ ಇಟ್ಟ ಮೇಲೆ ಟೌನೊನ ಕೈಯಲ್ಲಿದ್ದ ಚಾಕು ಬ್ರೆಡ್ ಬಿಟ್ಟು ಮೇಜಿಗೆ ಬೆಣ್ಣೆ ಸವರತೊಡಗಿತು. ಹಾಲಿನ ಡೇರಿಯಲ್ಲಿ ವಾರದ ಐದು ದಿನ ಮೊಸರಿನ ಡಬ್ಬಿಗಳಿಗೆ ಮುಚ್ಚಳ ಹಾಕಿಸುವ ಅವನನ್ನು ಊರಿನವರು ಗುರುತು ಹಿಡಿಯುತ್ತಿದ್ದದ್ದು ಆರನೆಯ ದಿನದ ಈ ಡ್ರಮ್ಮಿನಿಂದ. ಹತ್ತೊಂಬತ್ತು ವರ್ಷದಿಂದ ಒಂದು ಹಬ್ಬವನ್ನೂ ತಪ್ಪಿಸಿದವನಲ್ಲ. ಒಮ್ಮೆ ಕಾಲು ಮುರಿದಿದ್ದಾಗಲೂ ಇನ್ನೊಂದು ಕಾಲಿನಲ್ಲಿ ಡ್ರಮ್ಮು ಬಾರಿಸುವ ಪೆಡಲ್ ತುಳಿದಿದ್ದ.

"ನಾನು ಅವತ್ತೇ ಹೇಳ್ದೆ," ಎಂದಿತು ಬೇಲಿಯಾಚೆಯ ಒಂದು ದನಿ.

ಪಕ್ಕದ ಮನೆಯ ಉರ್ಪೊ. ನಲವತ್ತು ವರ್ಷ ದೋಣಿ ಕಟ್ಟಿ ನಿವೃತ್ತನಾದವನು. ತೆರೆದ ಕಿಟಕಿಯ ಹತ್ತಿರ ಯಾರು ಫೋನಿನಲ್ಲಿ ಮಾತಾಡಿದರೂ ಅದು ತನಗೂ ಸೇರಿಯೇ ಬಂದ ಕರೆ ಎಂದು ಅವನ ನಂಬಿಕೆ.

"ಅವತ್ತು ಏನು ಹೇಳಿದ್ದೆ?"

"ಹೇಳ್ಬೇಕು ಅಂತ ಇದ್ದೆ. ತಗೊಂಡ್ ಬಾ ಅದನ್ನ."

ದೊಡ್ಡ ಡ್ರಮ್ಮನ್ನು ಹೊತ್ತು ಇಬ್ಬರೂ ಮನೆಯ ಹಿಂದೆ, ನೀರಿನ ಮೇಲೆ ಚಾಚಿಕೊಂಡಿದ್ದ ಹಲಗೆಯ ಕಟ್ಟೆಗೆ ಹೋದರು. ಅಲ್ಲಿ ಬೆಳಕು ಚೆನ್ನಾಗಿತ್ತು. ಉರ್ಪೊ ವೈದ್ಯರ ಹಾಗೆ ಅದರ ಮೈಗೆ ಕಿವಿ ಇಟ್ಟು ಬೆರಳಲ್ಲಿ ತಟ್ಟಿದ. ಸುತ್ತಲೂ ಚರ್ಮವನ್ನು ಬಿಗಿಹಿಡಿಯುವ ಬೋಲ್ಟುಗಳಿಗೆ ಒಂದೊಂದು ಕಬ್ಬಿಣದ ಗೂಡು. ಅದರಲ್ಲೊಂದನ್ನು ಬಿಚ್ಚಿ ಅಲ್ಲಾಡಿಸಿದ. ಒಳಗಿನಿಂದ 'ಜಿರ್ರ್' ಅಂತ ಸದ್ದು ಬಂತು.

"ನೋಡು ನಿನ್ನ ಕೆಮ್ಮು. ಒಳಗೆ ಒಂದು ಸಣ್ಣ ಸ್ಪ್ರಿಂಗಿದೆ, ಹಳೇದಾಗಿ ಸಡಿಲ ಆಗಿದೆ."

ಟೌನೊನಿಗೆ ಹೋದ ಜೀವ ಬಂದಂತಾಯಿತು. "ಅಷ್ಟೇನಾ? ಹಾಗಾದ್ರೆ ಒಂಚೂರು ಹತ್ತಿ ತುರುಕಿ ಮುಗಿಸೋಣ."

ಉರ್ಪೊನ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದು ಹತ್ತಿ ತುರುಕಿ ಮನೆಗೆ ಹೋಗುವುದು ಅವನ ಜಾಯಮಾನವಲ್ಲ.

"ಹತ್ತಿ ತುರುಕೋಕೆ ನಾನ್ಯಾಕೆ ಬೇಕು? ಕಾಯಿಲೆ ಬೇರೆ ಇದೆ ಮಾರಾಯ. ಹದಿನಾರು ಗೂಡು. ಕೈಲಿ ಹಿಡಿದು ನೋಡು, ಎಷ್ಟು ಭಾರ. ಹೊಟ್ಟೆಗೆ ತೂತು ಕೊರೆದು ಮೇಲೆ ಚಿಕ್ಕ ಡ್ರಮ್ಮು ನಿಲ್ಲಿಸೋಕೆ ಅಂತ ಒಂದು ಕೊಳವೆ ಬೇರೆ ಚುಚ್ಚಿದೀಯ. ಮರ ನಡುಗಿದ್ರೆ ತಾನೇ ದನಿ ಬರೋದು? ನೀನು ಅದರ ಮೈಗೆಲ್ಲ ಕಬ್ಬಿಣ ಜಡಿದು, ಮೇಲೆ ಪ್ಲಾಸ್ಟಿಕ್ ಕೋಟು ತೊಡಿಸಿ, ಹಾಡು ಅಂತೀಯ."

ಕೋಟು ಅಂದರೆ ಡ್ರಮ್ಮಿಗೆ ಸುತ್ತಿದ್ದ ಕೆಂಪು ಮಿನುಗಿನ ಹಾಳೆ. ಟೌನೊನಿಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಅವನು ಬಾಯಿ ತೆರೆಯುವುದರೊಳಗೆ ಉರ್ಪೊ ಎರಡನೆಯ ಗೂಡು ಬಿಚ್ಚಿದ್ದ. ಒಂದು ಗಂಟೆಯಲ್ಲಿ ಹದಿನಾರು ಗೂಡು, ಬೋಲ್ಟು, ಕೊಳವೆ ಎಲ್ಲ ಕಾಫಿಯ ಟ್ರೇ ಮೇಲೆ ಬಂದು ಕೂತವು. ಡ್ರಮ್ಮು ತಳವಿಲ್ಲದ ಪೀಪಾಯಿಯಂತೆ ನಿಂತಿತು.

ಆ ಹೊತ್ತಿಗೆ ಸೈಕಲ್ಲಿನಲ್ಲಿ ಕಾಲೆರ್ವೊ ಬಂದ. ವಾದ್ಯಮೇಳದ ಯಜಮಾನ, ಅಕಾರ್ಡಿಯನ್ ನುಡಿಸುವವನು. ಹೆಲ್ಮಿ ಅವನಿಗೂ ಫೋನ್ ಮಾಡಿದ್ದಳು. ಕಟ್ಟೆಯ ಮೇಲಿನ ದೃಶ್ಯ ನೋಡಿ ಸೈಕಲ್ಲನ್ನು ಹುಲ್ಲಿನ ಮೇಲೆ ಬೀಳಿಸಿದ.

"ಸಂಜೆ ಏಳಕ್ಕೆ ಕಾರ್ಯಕ್ರಮ. ಇದೇನು, ಮರಣೋತ್ತರ ಪರೀಕ್ಷೆನಾ?"

"ಕಬ್ಬಿಣದ ಭಾರ ತೆಗೀತಿದೀವಿ," ಎಂದ ಉರ್ಪೊ.

"ಕಬ್ಬಿಣ ಅಲ್ಲಯ್ಯ, ಮರ. ದೋಷ ಇರೋದು ಮರದಲ್ಲಿ. ಮೇಪಲ್ ಆಗಿದ್ರೆ ದನಿ ದುಂಡಗೆ, ಬೆಚ್ಚಗೆ ಬರ್ತಿತ್ತು. ಇದು ಬರ್ಚ್. ಚುಚ್ಚುತ್ತೆ."

ಬರ್ಚ್ ಮರವನ್ನು ಬೈದರೆ ಉರ್ಪೊ ತನ್ನ ತಾಯಿಯನ್ನು ಬೈದ ಹಾಗೆ ತಿಳಿಯುತ್ತಿದ್ದ. "ಚುಚ್ಚಲ್ಲ, ಸ್ಪಷ್ಟವಾಗಿ ಹೇಳುತ್ತೆ. ಕೆಳಗಿನ ದನಿಯೂ ಗಟ್ಟಿ, ಮೇಲಿನದೂ ಗಟ್ಟಿ. ನಡುವೆ ರಾಡಿ ಇರಲ್ಲ."

"ಇದು ಬರ್ಚೇ ಅಂತ ಯಾರು ಹೇಳಿದ್ದು? ಕೋಟು ಬಿಚ್ಚಿ ನೋಡಿದೀರಾ? ಒಳಗೆ ಹಣ್ಣಿನ ಪೆಟ್ಟಿಗೆ ಹಲಗೆ ಇರ್ಬಹುದು," ಎಂದು ಕಾಲೆರ್ವೊ ಮಾತು ಹೊರಳಿಸಿದ.

ಟೌನೊ ಡ್ರಮ್ಮನ್ನು ಎರಡೂ ಕೈಯಲ್ಲಿ ತಬ್ಬಿದ. ಹತ್ತೊಂಬತ್ತು ವರ್ಷದಿಂದ ಅವನು ಡೇರಿಯಲ್ಲಿ, ಸಾನಾದ ಹಬೆಮನೆಯಲ್ಲಿ, ಒಂದು ಶವಸಂಸ್ಕಾರದಲ್ಲಿ ಕೂಡ, ನನ್ನದು ಅಪ್ಪಟ ಬರ್ಚ್ ಎಂದು ಹೇಳಿಕೊಂಡು ಬಂದಿದ್ದ.

"ಪೆಟ್ಟಿಗೆನಾ?" ಎಂದು ಉರ್ಪೊ ಒಂದು ಹೆಜ್ಜೆ ಮುಂದಿಟ್ಟ. ಕಾಲೆರ್ವೊ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಟ್ರೇ ಇತ್ತು.

ಸದ್ದು ದೊಡ್ಡದೇನೂ ಆಗಲಿಲ್ಲ. ಗುಳುಂ, ಗುಳುಂ, ಗುಳುಂ ಎಂದು ಹದಿನಾರು ಗೂಡುಗಳೂ ಒಂದರ ಹಿಂದೊಂದು ಶಿಸ್ತಾಗಿ ಸರೋವರ ಸೇರಿದವು. ಆಮೇಲೆ ಬೋಲ್ಟುಗಳು, ಕೊಳವೆ. ಕೊನೆಗೆ ಟ್ರೇ ಒಂದೆರಡು ಗಳಿಗೆ ತೇಲಿ, ಮೂವರನ್ನೂ ನೋಡಿ ಮುಳುಗಿತು.

ಟೌನೊ ನೀರಿನ ಉಂಗುರಗಳನ್ನೇ ನೋಡುತ್ತ ನಿಂತ. ಅಲ್ಲಿ ಆಳ ಹದಿನೆಂಟು ಅಡಿ, ಅದರ ಕೆಳಗೆ ಕೆಸರು.

"ಒಳ್ಳೇದೇ ಆಯ್ತು. ಹೇಗೂ ಅವು ಬೇಕಾಗಿರ್ಲಿಲ್ಲ," ಎಂದ ಉರ್ಪೊ.

"ಚರ್ಮ ಯಾವುದರಲ್ಲಿ ಬಿಗೀತೀಯ, ನನ್ನ ಕರುಳಲ್ಲಾ?" ಟೌನೊ ಕೇಳಿದ.

"ಹಗ್ಗದಲ್ಲಿ. ಹಿಂದಿನವರೆಲ್ಲ ಮತ್ತೆ ಇನ್ಯಾವುದರಲ್ಲಿ ಬಿಗೀತಿದ್ರು? ಮೊದಲು ಈ ಕೋಟು ಬಿಚ್ಚಿ ಇವನ ಬಾಯಿ ಮುಚ್ಚಿಸ್ಬೇಕು. ಅಂಟು ಸಡಿಲ ಆಗೋಕೆ ಹದವಾದ ಶಾಖ ಬೇಕು. ಸಾನಾ ಬಿಸಿ ಇದೆಯಾ?"

ಶನಿವಾರ ಹಬೆಸ್ನಾನದ ದಿನವಲ್ಲವೇ, ಟೌನೊನ ಹೆಂಡತಿ ಲೆಂಪಿ ಆಗಲೇ ಒಲೆಗೆ ಕಟ್ಟಿಗೆ ಹಾಕಿದ್ದಳು. ಡ್ರಮ್ಮಿನ ಒಡಲನ್ನು ಒಯ್ದು ಸಾನಾದ ಮೇಲಿನ ಹಲಗೆಯ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡು ಬಂದರು. ಅರ್ಧ ಗಂಟೆ ಒಣ ಶಾಖ, ಒಂದು ಹನಿ ನೀರೂ ಬೀಳಬಾರದು ಎಂದು ಉರ್ಪೊ ಬೆರಳೆತ್ತಿ ಹೇಳಿದ. ಹೇಳಬೇಕಾದದ್ದು ಲೆಂಪಿಗೆ. ಅದು ಯಾರಿಗೂ ಹೊಳೆಯಲಿಲ್ಲ.

ಮೂವರೂ ಉರ್ಪೊನ ಶೆಡ್ಡಿನಲ್ಲಿ ದೋಣಿಯ ಹಗ್ಗ ಹುಡುಕಿ, ಡ್ರಮ್ಮಿನ ಬಾಯಿಗೆ ಚರ್ಮ ಅಮರಿಸುವ ಮರದ ಬಳೆಗಳಿಗೆ ತೂತು ಕೊರೆಯುತ್ತಿದ್ದರು. ಒಂದೊಂದು ತೂತಿಗೂ ಟೌನೊ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಗ ಸಾನಾದ ಕಡೆಯಿಂದ ಒಂದು ಚೀತ್ಕಾರ ಕೇಳಿಸಿತು. ಓಡಿದರು. ಲೆಂಪಿ ಟವೆಲ್ ಸುತ್ತಿಕೊಂಡು ಹುಲ್ಲಿನ ಮೇಲೆ ನಿಂತಿದ್ದಳು. ಮೈಯಿಂದ ಹಬೆ ಏಳುತ್ತಿತ್ತು.

"ಯಾರದು ಒಳಗೆ? ಬಟ್ಟೆ ಬಿಚ್ಚಿಕೊಂಡು ಕೂತಿರೋರು ಯಾರು?"

"ಅದು ಡ್ರಮ್ಮು, ಲೆಂಪಿ."

ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಅವಳು ಗಂಡನನ್ನು ನೋಡಿದಳು. "ಹಬೇಲಿ ನಂಗೇನೂ ಕಾಣ್ಲಿಲ್ಲ. ಕಾಲು ಗಂಟೆ ಮಾತಾಡ್ದೆ ಅದರ ಜೊತೆ. ನಿನ್ನ ಅಕ್ಕನ ವಿಷಯ ಎಲ್ಲ ಹೇಳ್ಕೊಂಡೆ. ಒಂದು ಮಾತಿಗೂ ಉತ್ತರ ಬರ್ಲಿಲ್ಲ, ಸರಿ ನೀನೇ ಇರ್ಬೇಕು ಅಂದ್ಕೊಂಡೆ. ಆಮೇಲೆ ಅದರ ಮೈಮೇಲಿದ್ದದ್ದು ಸರ್ರಂತ ಜಾರಿ ಬಿತ್ತು."

"ನೀರು ಹಾಕಿದ್ಯಾ?" ಉರ್ಪೊ ಕೇಳಿದ.

"ಕಾದ ಕಲ್ಲಿನ ಮೇಲೆ ಏಳು ಸೌಟು. ಸಾನಾದಲ್ಲಿ ಮತ್ತೇನು ಮಾಡ್ತಾರೆ?"

ಟೌನೊ ಹುಲ್ಲಿನ ಮೇಲೇ ಕೂತ. ಆದರೆ ಉರ್ಪೊ ಹೊರಗೆ ಹೊತ್ತು ತಂದದ್ದನ್ನು ನೋಡಿ ಎದ್ದು ನಿಂತ. ಕೆಂಪು ಕೋಟು ಕಳಚಿದ ಒಡಲು ಆಗ ತಾನೇ ಕರಗಿದ ಬೆಣ್ಣೆಯ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಪ್ಪಟ ಬರ್ಚ್. ಕಾಲೆರ್ವೊ ಹತ್ತಿರ ಬಂದು ಮೂಸಿ ನೋಡಿ, ಕೆಮ್ಮಿ, ತಾನು ಹೇಳಿದ್ದು ಬೇರೆ ಅರ್ಥದಲ್ಲಿ ಎಂದ.

ಆಮೇಲಿನದು ಓಟ. ಬಟ್ಟೆಯಿಂದ ಒರೆಸಿ ಗಾಳಿಗೆ ಇಟ್ಟರು. ಹೊಟ್ಟೆಯ ತೂತಿಗೆ ಉರ್ಪೊ ಬರ್ಚ್ ಬಿರಡೆ ಜಡಿದ. ಬಳೆಯಿಂದ ಬಳೆಗೆ ಹಗ್ಗ ಹೆಣೆದು, ಹಾಯಿಗೆ ಹಾಕುವ ಗಂಟು ಹಾಕಿ, ಮೂವರೂ ಕಾಲು ಕೊಟ್ಟು ಎಳೆದರು. ಚಿಕ್ಕ ಡ್ರಮ್ಮಿಗೆ ಬೇರೆ ಸ್ಟ್ಯಾಂಡ್ ಸಿಕ್ಕಿತು. ಈಗ ಆ ದೊಡ್ಡ ಒಡಲಿನ ಮೇಲೆ ಒಂದು ಮೊಳೆಯೂ ಇರಲಿಲ್ಲ. ಬರೀ ಮರ, ಚರ್ಮ, ಹಗ್ಗ. ಟೌನೊ ಹೆದರುತ್ತ ಹೆದರುತ್ತ ಪೆಡಲ್ ತುಳಿದ.

ದುಮ್.

ಶೆಡ್ಡಿನ ಕಿಟಕಿ ಗಾಜು ಅದುರಿತು. ಆಚೆ ದಡದಲ್ಲಿ ಯಾರದೋ ನಾಯಿ ಬೊಗಳಿತು. ಕೆಮ್ಮಿಲ್ಲ, ಗೊರಗೊರ ಇಲ್ಲ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಗೆರೆ ಎಳೆದು ತೋರಿಸಬಹುದಾದ ಒಂದು ದುಂಡು ಪೆಟ್ಟು. ಟೌನೊ ಉರ್ಪೊನ ಕೈ ಹಿಡಿದು ಬಹಳ ಹೊತ್ತು ಕುಲುಕಿದ.

ಏಳು ಗಂಟೆಗೆ ಮಂಟಪದ ತುಂಬ ಇಳಿಬಿಸಿಲು. ಮೊದಲನೆಯದು ವಾಲ್ಟ್ಸ್, ಒಂದು-ಎರಡು-ಮೂರು ಎಂದು ಎಣಿಸಿ ತಿರುಗುವ ಕುಣಿತ. ಜೋಡಿಗಳು ತಿರುಗಲು ಶುರುಮಾಡಿದ ಹತ್ತನೆಯ ಸುತ್ತಿಗೆ ಬೇಕರಿಯ ಗಂಡಹೆಂಡತಿ ಕಂಬಕ್ಕೆ ಡಿಕ್ಕಿ ಹೊಡೆದರು. ಆಮೇಲೆ ಶಾಲೆಯ ಹೆಡ್‌ಮಾಸ್ಟರು ತಮ್ಮ ಜೊತೆಗಾತಿಯನ್ನು ಬಿಟ್ಟು ಒಬ್ಬರೇ ಒಂದು ಸುತ್ತು ತಿರುಗಿದರು. ಡ್ರಮ್ಮಿನ ಅಂದಕ್ಕೆ ಬೆರಗಾಗಿ ಹೆಜ್ಜೆ ಮರೆತಿದ್ದಾರೆಂದು ಟೌನೊ ಹಿಗ್ಗಿದ. ಆಗ ಕಾಲೆರ್ವೊ ತಿರುಗಿ ನೋಡಿದ. ಆ ಮುಖದಲ್ಲಿ ಬೆರಗು ಇರಲಿಲ್ಲ. ಬಸ್ಸಿನ ಬ್ರೇಕು ಹಿಡಿಯುತ್ತಿಲ್ಲವೆಂದು ಗೊತ್ತಾದವನ ಮುಖ ಅದು.

ಟೌನೊ ಕಿವಿಗೊಟ್ಟು ಕೇಳಿದ. ಅಕಾರ್ಡಿಯನ್ 'ಒಂದು' ಅಂದಿತು. ಅದಾದ ಮೇಲೆ, ಅಷ್ಟೇ ಸ್ಪಷ್ಟವಾಗಿ, ಅವನ ಡ್ರಮ್ಮು 'ದುಮ್' ಅಂದಿತು. ಒಂದು ಕೂದಲೆಳೆಯಷ್ಟು ತಡ. ಮುಂದಿನ ಸಲವೂ ಅಷ್ಟೇ ತಡ. ಹತ್ತೊಂಬತ್ತು ವರ್ಷ ಆ ಕಬ್ಬಿಣ, ಆ ಪ್ಲಾಸ್ಟಿಕ್ಕು ದನಿಯನ್ನು ರಾಡಿ ಮಾಡಿ, ಪೆಟ್ಟು ಯಾವಾಗ ಬಿತ್ತು ಎಂದು ಯಾರಿಗೂ ಗೊತ್ತಾಗದ ಹಾಗೆ ಕಾಪಾಡಿಕೊಂಡು ಬಂದಿದ್ದವು. ಜನ ಅಕಾರ್ಡಿಯನ್ ಕೇಳಿ ಕುಣಿದಿದ್ದರು. ಈಗ ಕಾಲುಗಳೆಲ್ಲ ಡ್ರಮ್ಮಿನ ಮಾತು ಕೇಳುತ್ತಿದ್ದವು. ಗಾಬರಿಯಲ್ಲಿ ಅವನು ಅವಸರ ಮಾಡಿದ. ಪೆಟ್ಟು ಮೊದಲೇ ಬಿದ್ದು ಇನ್ನೂ ಮೂರು ಜೋಡಿ ಒಂದಕ್ಕೊಂದು ಸಿಕ್ಕಿಕೊಂಡವು.

ವಿರಾಮದಲ್ಲಿ ಹೆಲ್ಮಿ ಬಂದಳು. ಡ್ರಮ್ಮಿನ ಮೈಮೇಲೆ ಕೈಯಾಡಿಸಿದಳು.

"ಇಂಥ ದನಿ ನಾನು ಈ ಮಂಟಪದಲ್ಲಿ ಕೇಳಿಲ್ಲ. ಹಬ್ಬಕ್ಕೆ ಇದೇ ಇರ್ಬೇಕು."

"ಖಂಡಿತ ಹೆಲ್ಮಿಯವರೇ," ಎಂದ ಟೌನೊ, ಮತ್ತೆ ಉಸಿರಾಡುತ್ತ.

"ಡ್ರಮ್ಮನ್ನ ಇಲ್ಲೇ ಬಿಡು. ನೀನು ಇಳಿ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ಮತ್ತೆ ಬಾರಿಸೋರು?"

ಉರ್ಪೊ ಆಗಲೇ ವೇದಿಕೆಯ ಮೆಟ್ಟಿಲ ಮೇಲೆ ಅಂಗಿಯ ತೋಳು ಮಡಚುತ್ತ ನಿಂತಿದ್ದ. "ನಲವತ್ತು ವರ್ಷ ಸುತ್ತಿಗೆ ಹಿಡಿದೋನು," ಎಂದ ತಲೆ ತಗ್ಗಿಸಿ. "ಒಂದು ಪೆಟ್ಟು ಆಚೀಚೆ ಆದ್ರೆ ಬೆರಳು ಹೋಗ್ತಿತ್ತು. ಬೇಜಾರು ಮಾಡ್ಕೋಬೇಡ ಟೌನೊ. ಗಂಟು ಸಡಿಲ ಆದ್ರೂ ನೋಡ್ಕೋಬೇಕಲ್ಲ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಟೌನೊ ಕುಣಿಯುವವರ ನೆಲದ ಮೇಲೆ ನಿಂತ. ಮಂಟಪ ಇಲ್ಲಿಂದ ನೋಡಿದರೆ ಬೇರೆಯೇ ಜಾಗದಂತಿತ್ತು. ಗೋಡೆ ಬದಿಯ ಬೆಂಚಿನಿಂದ ಲೆಂಪಿ ಎದ್ದು ಬಂದಳು. ಇಷ್ಟು ವರ್ಷ ಪ್ರತಿ ಶನಿವಾರ ಅವಳು ಅಲ್ಲಿ ಕೈಚೀಲ ಹಿಡಿದು ಕೂತಿರುತ್ತಿದ್ದಳು. ಈಗ ಅದನ್ನು ಬೆಂಚಿನ ಮೇಲೇ ಬಿಟ್ಟು ಬಂದಿದ್ದಳು. ಅವನ ಎಡಗೈ ಹಿಡಿದು, ಬಲಗೈಯನ್ನು ತನ್ನ ಬೆನ್ನಿಗೆ ಇಟ್ಟುಕೊಂಡಳು.

ಅಕಾರ್ಡಿಯನ್ ಶುರುವಾಯಿತು. ದುಮ್, ಎಂದಿತು ಡ್ರಮ್ಮು. ಕೂದಲೆಳೆಯಷ್ಟು ತಡವಾಗಿ ಟೌನೊನ ಬೂಟು ಲೆಂಪಿಯ ಹೆಬ್ಬೆರಳ ಮೇಲೆ ಬಿತ್ತು.

"ಕೇಳಿಸ್ತಾ?" ಎಂದಳು ಲೆಂಪಿ, ಮುಖ ಕಿವುಚದೆ. "ಅಲ್ಲಿ ಇಡ್ಬೇಕಿತ್ತು."