ತೂಗುಕುರ್ಚಿ ಮತ್ತು ತರಿತರಿ ಚಟ್ನಿ

ಇಡೀ ಚಾಮರಾಜಪೇಟೆಯಲ್ಲಿ ಚಟ್ನಿಯನ್ನು ನುಣ್ಣಗೆ ರುಬ್ಬಲಾಗದ ಹೆಂಗಸು ನಮ್ಮ ದೊಡ್ಡಮ್ಮ ಒಬ್ಬರೇ! ಮಿಕ್ಸಿ ಚೆನ್ನಾಗಿಯೇ ಇತ್ತು. ಅಡ್ಡಿಯೆಲ್ಲ ಒಂದು ತೂಗುಕುರ್ಚಿಯದು.

ತೊಂಬತ್ತರ ದಶಕದ ಕೊನೆಗೆ ದೊಡ್ಡಪ್ಪನಿಗೆ ಒಮ್ಮೆ ಎದೆನೋವು ಬಂದಿತ್ತು. ಕಾಲೇಜಿಗೆಂದು ನಾನು ಅವರ ಮನೆಯಲ್ಲೇ ಇದ್ದೆ. ಆಸ್ಪತ್ರೆಯಿಂದ ಬಂದವರು ಆರಾಮವಾಗಿ ಕೂರಲಿ ಎಂದು ದೊಡ್ಡಮ್ಮ ಹಳೇ ಸಾಮಾನಿನ ಅಂಗಡಿಯಿಂದ ಆ ಕುರ್ಚಿ ತರಿಸಿದರು. ಆರಾಮ ಯಾರಿಗೆ? ಕುರ್ಚಿ ಕಿರ್ ಕಿರ್ ಎನ್ನುತ್ತಿದ್ದರೆ ದೊಡ್ಡಪ್ಪ ಇದ್ದಾರೆ. ಸದ್ದು ನಿಂತರೆ ದೊಡ್ಡಮ್ಮನ ಜೀವ ಬಾಯಿಗೆ ಬರುತ್ತಿತ್ತು.

“ರೀ!”

“ಇದೀನಿ ಕಣೇ. ಪೇಪರ್ ತಿರುವ್ತಿದ್ದೆ.”

ಮಿಕ್ಸಿ ಹಾಕಿದರೆ ಕುರ್ಚಿ ಕೇಳಿಸುವುದಿಲ್ಲವಲ್ಲ! ಒಂದು ಸುತ್ತು ತಿರುಗಿಸುವುದು, ಆರಿಸುವುದು, ಕಿವಿಗೊಡುವುದು, “ರೀ!” ಎನ್ನುವುದು. ಕಾಯಿಚೂರು ಹಲ್ಲಿಗೆ ಸಿಗದೆ ಇನ್ನೇನು?

ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೇ ಎಳೆಸಿದರು. ಒಂದು ಲೋಟ ನೀರು ಬೇಕೆಂದರೂ ನಾನು ಓಡುವ ಬಸ್ಸು ಹತ್ತುವವಳ ಹಾಗೆ ಹೊಂಚು ಹಾಕಿ ನುಸುಳಬೇಕಿತ್ತು. ಕಿಟಕಿ ರಿಪೇರಿಗೆ ಬಂದ ಬಡಗಿ, “ಅಮ್ಮಾ, ಈ ಕುರ್ಚಿ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ರೆ ಸದ್ದೇ ಇರಲ್ಲ” ಎಂದ.

“ಬಿಡ್ತು ಅನ್ನಪ್ಪಾ!” ದೊಡ್ಡಮ್ಮ ಚೀರಿದ ರೀತಿಗೆ ಅವನ ಕೈಯ ಉಳಿ ಕೆಳಗೆ ಬಿತ್ತು.

ಒಂದು ಸಂಜೆ ದೊಡ್ಡಪ್ಪ ಕಣ್ಸನ್ನೆ ಮಾಡಿ ಕರೆದರು. “ಪುಟ್ಟಿ, ಕೂತ್ಕೊಂಡು ತೂಗ್ತಿರು. ಈಗ ಬಂದ್ಬಿಡ್ತೀನಿ.” ದೊಡ್ಡಮ್ಮ ಒಲೆಯ ಕಡೆ ತಿರುಗಿದ್ದರು. ಕೂತೆ, ತೂಗಿದೆ.

“ಯಾರೇ ಅದು ಕುರ್ಚೀಲಿ? ಸದ್ದು ತೆಳ್ಳಗಿದೆ!”

ದೊಡ್ಡಮ್ಮ ಸೌಟು ಹಿಡಿದೇ ರಸ್ತೆಯ ತಿರುವಿನವರೆಗೂ ಓಡಿದರು. ಹಿಂದೆ ನಾನು. ದೊಡ್ಡಪ್ಪ ಪೊಟ್ಟಣ ಹಿಡಿದು ಎದುರಿಗೇ ಬರುತ್ತಿದ್ದರು.

“ನನ್ ಪ್ರಾಣಾನೇ ಹೋಯ್ತಲ್ರೀ!”

“ಬೋಂಡ ತರಕ್ಕೆ ಹೋಗಿದ್ದೆ ಕಣೇ, ಪ್ರಾಣ ತೆಗೆಯಕ್ಕಲ್ಲ.”

ದೊಡ್ಡಮ್ಮ ಪೊಟ್ಟಣ ಕಿತ್ತುಕೊಂಡು ನನ್ನ ಕೈಗಿಟ್ಟರು. ಅಂದಿನಿಂದ ಆ ಮನೆಯಲ್ಲಿ ಕುರ್ಚಿಗೂ ಎಣ್ಣೆಯಿಲ್ಲ, ದೊಡ್ಡಪ್ಪನಿಗೂ ಇಲ್ಲ!

ಹೀಗೆ ಎಷ್ಟೋ ವರ್ಷ ದೊಡ್ಡಪ್ಪನನ್ನು ಕಾದರು. ಹೋದ ತಿಂಗಳು ದೊಡ್ಡಮ್ಮನೇ ಹೋಗಿಬಿಟ್ಟರು. ಮಧ್ಯಾಹ್ನ ಸ್ವಲ್ಪ ಒರಗಿಕೊಳ್ಳುತ್ತೇನೆ ಎಂದವರು ಏಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಉಳಿದುಕೊಂಡೆ. ಮರುದಿನ ಇಡ್ಲಿಗೆಂದು ಮಿಕ್ಸಿ ಹಾಕಿದೆ. ಇನ್ನು ಚಟ್ನಿ ಎಷ್ಟು ನುಣ್ಣಗಾದರೂ ಆಗಬಹುದು, ಕೇಳುವವರು ಯಾರು? ಒಂದು ಸುತ್ತಿಗೇ ನನ್ನ ಕೈ ಸ್ವಿಚ್ಚು ಆರಿಸಿತು. ಕುರ್ಚಿಯ ಸದ್ದಿಲ್ಲ. ತಟ್ಟನೆ ತಿರುಗಿದೆ. ದೊಡ್ಡಪ್ಪ ಕಾಲೂರಿ ಕುರ್ಚಿ ನಿಲ್ಲಿಸಿಕೊಂಡು, ಅಡುಗೆಮನೆಯತ್ತ ಕಿವಿಯಿಟ್ಟು ಕೂತಿದ್ದರು.

ನಾನು ಮೆಲ್ಲಗೆ ಒಲೆಯ ಕಡೆ ತಿರುಗಿಕೊಂಡೆ. ಕಾಣದವಳ ಹಾಗೆ ಜೋರಾಗಿ ಕೂಗಿದೆ: “ದೊಡ್ಡಪ್ಪಾ!”

“ಇದೀನಿ ಕಣೇ.”

ಕುರ್ಚಿ ಕಿರ್ ಎಂದಿತು. ನಾನು ಮತ್ತೊಂದು ಸುತ್ತು ತಿರುಗಿಸಿದೆ, ಆರಿಸಿದೆ, ಕೂಗಿದೆ. ಚಟ್ನಿ ತರಿತರಿಯಾಗಿಯೇ ಆಯಿತು. ದೊಡ್ಡಪ್ಪ ಎರಡು ಸಲ ಹಾಕಿಸಿಕೊಂಡರು.