ಫ್ರಿಜ್ಜಿಗೆ ಓಟು ಹಾಕಿ, ಮೀನು ಹಾಕಬೇಡಿ

ಎರಡೇ ಪಕ್ಷ ಇರುವ ಊರಲ್ಲಿ ಮೂರನೆಯವರೂ ಗೆಲ್ಲಬಹುದು ಅಂತ ನನಗೆ ಮೊದಲು ಹೇಳಿದ್ದು ಗುಲಾಬಕ್ಕ, ಅದೂ ಬಂಗುಡೆಯ ಹೊಟ್ಟೆ ಸೀಳುತ್ತಾ. ಮೀನು ಮಾರ್ಕೆಟ್ಟಿನ ಎದುರೇ ನನ್ನ ಜೆರಾಕ್ಸ್ ಅಂಗಡಿ. ಬಿ.ಕಾಂ. ಮಾಡಿ ಜೆರಾಕ್ಸ್ ಅಂಗಡಿ ಇಟ್ಟವಳಿಗೆ ಮನರಂಜನೆಗೇನೂ ಕೊರತೆ ಇಲ್ಲ. ಚುನಾವಣೆ ಬಂದರಂತೂ ದಿನಕ್ಕೊಂದು ಪ್ರಸಂಗ ರಸ್ತೆ ದಾಟಿ ಅಂಗಡಿಯೊಳಗೇ ಬರುತ್ತದೆ. ಊರಿನ ಹೆಸರು ಮಾತ್ರ ಕೇಳಬೇಡಿ. ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಎಲ್ಲೋ ಒಂದು ಸಣ್ಣ ಪೇಟೆ ಅಂದುಕೊಳ್ಳಿ. ಹೆಸರು ಹೇಳಿದರೆ ಎರಡೂ ಪಕ್ಷದವರು ಮನೆಗೆ ಬರುತ್ತಾರೆ, ಚಹಾ ಮಾಡಬೇಕಾಗುತ್ತದೆ.

ಎರಡು ಕಲ್ಲು

ನಮ್ಮ ಮೀನು ಮಾರ್ಕೆಟ್ಟಿಗೆ ಮಾಡು, ಅಂದರೆ ಸೂರು, ಇರಲಿಲ್ಲ. ಹೆಂಗಸರು ಬೇಸಿಗೆಯಲ್ಲಿ ತಲೆಗೆ ಬೈರಾಸು, ಮಳೆಗಾಲದಲ್ಲಿ ಪ್ಲಾಸ್ಟಿಕ್ಕು ಹೊದ್ದು ಕೂರುತ್ತಿದ್ದರು. ಹಿಂದಿನ ಒಂದು ಚುನಾವಣೆಯಲ್ಲಿ ಒಂದು ಪಕ್ಷದವರು ಮಾಡಿಗೆ ಶಂಕುಸ್ಥಾಪನೆ ಮಾಡಿ ಕಲ್ಲು ನೆಟ್ಟರು. ಮುಂದಿನದರಲ್ಲಿ ಇನ್ನೊಂದು ಪಕ್ಷದವರು ಅದರ ಪಕ್ಕದಲ್ಲೇ ತಮ್ಮದೊಂದು ಕಲ್ಲು ನೆಟ್ಟರು. ಎರಡೂ ಒಳ್ಳೆ ಗ್ರಾನೈಟು.

ಈ ಸಲ ಎರಡೂ ಪಕ್ಷದವರು ಮತ್ತೆ ಬಂದು, "ಗುಲಾಬಕ್ಕ, ಈ ಸಲ ಮಾಡು ಖಂಡಿತ" ಅಂದರು.

ಗುಲಾಬಕ್ಕ ಒಂದು ಕಲ್ಲಿನ ಮೇಲೆ ಕೂತು ಇನ್ನೊಂದರ ಮೇಲೆ ಅಂಜಲ್ ಮೀನು ತುಂಡು ಮಾಡುತ್ತಿದ್ದಳು. ತಲೆ ಎತ್ತಲೇ ಇಲ್ಲ. "ಮಾಡ್ ಬ್ಯಾಡ ಮಾರಾಯ್ರೆ, ಇನ್ನೊಂದ್ ಕಲ್ಲ್ ಹಾಕಿ. ಇಲ್ಲೇ ಮೀನ್ ಮಾರು ನಮ್ ತಂಗಿಗೆ ಕೂಕಂಬುಕೆ ಜಾಗ ಇಲ್ಲೆ."

ಮಾರನೇ ದಿನ, ನಮ್ಮ ವಾರ್ಡಿನಿಂದ ಪಟ್ಟಣ ಪಂಚಾಯಿತಿಗೆ ತಾನೇ ನಿಲ್ಲುವ ನಾಮಪತ್ರಕ್ಕೆ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ನನ್ನ ಅಂಗಡಿಗೆ ಬಂದಳು.

ಚಿಹ್ನೆ

ಪಕ್ಷೇತರರಿಗೆ ಚಿಹ್ನೆ ಕೊಡುವುದು ಚುನಾವಣಾಧಿಕಾರಿ. ಗುಲಾಬಕ್ಕ ಮೀನಿನ ಚಿಹ್ನೆ ಕೇಳಿದಳು. "ಜೀವ ಇರುವ ಪ್ರಾಣಿಯ ಚಿಹ್ನೆ ಕೊಡುವ ಹಾಗಿಲ್ಲಮ್ಮ" ಅಂದರು.

"ನನ್ ಮೀನಿಗೆ ಜೀವ ಎಲ್ಲಿತ್ತ್ ಸಾರ್?"

ಕೊನೆಗೆ ಅವರು ಪಟ್ಟಿ ನೋಡಿ ಕೊಟ್ಟದ್ದು ಫ್ರಿಜ್ಜು! ಮೂವತ್ತು ವರ್ಷದಿಂದ "ನನ್ ಮೀನ್ ಫ್ರಿಜ್ಜಿನ್ ಮುಖ ಕಂಡದ್ದಿಲ್ಲೆ" ಅಂತ ಕೂಗಿ ವ್ಯಾಪಾರ ಮಾಡಿದವಳಿಗೆ ಫ್ರಿಜ್ಜು. ಸಂಜೆಯೊಳಗೆ ಎದುರಾಳಿಗಳು ಊರಿಡೀ ಹಬ್ಬಿಸಿದರು: "ಗುಲಾಬಕ್ಕನ ಮೀನು ಫ್ರಿಜ್ಜಿಂದು ಅಂತ ಸರ್ಕಾರವೇ ಬರೆದು ಕೊಟ್ಟಿದೆಯಂತೆ." ಮರುದಿನ ಬುಟ್ಟಿಯಲ್ಲಿ ಅರ್ಧ ಮೀನು ಹಾಗೇ ಉಳಿಯಿತು.

"ಓಟ್ ಹೋರ್ ಹೋಯ್ಲಿ, ಗಿರಾಕಿ ಹೋದ್ರ್ ಕಾಣಿ" ಅಂತ ಅವಳು ನನ್ನ ಅಂಗಡಿಯ ಮೆಟ್ಟಿಲಲ್ಲಿ ಕೂತಳು. ನಾನು ಪ್ರಚಾರದ ಚೀಟಿಯಲ್ಲಿ ಏನು ಬರೆಯಲಿ ಅಂತ ಕೇಳಿದೆ. ಅವಳೇ ಹೇಳಿದಳು: "ಫ್ರಿಜ್ಜಿಗೆ ಓಟ್ ಹಾಕಿ, ಮೀನ್ ಹಾಕ್ಬೇಡಿ."

ಅದನ್ನೇ ಅಚ್ಚು ಹಾಕಿದೆ. ನಮ್ಮ ಮನೆಯಲ್ಲಿ ಕೆಟ್ಟು ಕೂತಿದ್ದ ಹಳೇ ಫ್ರಿಜ್ಜನ್ನೂ ಪ್ರಚಾರಕ್ಕೆ ಕೊಟ್ಟೆ. ಗೂಡ್ಸ್ ರಿಕ್ಷಾದಲ್ಲಿ ಅದನ್ನು ನಿಲ್ಲಿಸಿಕೊಂಡು, ಹೋದ ಮನೆಯಲ್ಲೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದಳು: "ಕಾಣಿ, ಮೀನ್ ಇತ್ತಾ? ಇಲ್ಲೆ ಅಲ್ದಾ?" ತನ್ನ ಚಿಹ್ನೆಯೊಳಗೆ ಏನೂ ಇಲ್ಲ ಅಂತ ಮನೆಮನೆಗೆ ಸಾರಿದ ಅಭ್ಯರ್ಥಿ ಅವಳೊಬ್ಬಳೇ ಇರಬೇಕು.

ಹೂವಿನ ಪ್ರಸಾದ

ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಮೂವರು ಅಭ್ಯರ್ಥಿಗಳೂ ಒಂದೇ ದೇವಸ್ಥಾನಕ್ಕೆ ಹೋದರು. ಮೂವರಿಗೂ ಬಲಕ್ಕೇ ಬಿತ್ತು. ಎರಡು ಪಕ್ಷದವರು ನನ್ನ ಅಂಗಡಿಯಲ್ಲೇ ಎದುರುಬದುರಾಗಿ ಜಗಳಕ್ಕೆ ನಿಂತರು: ದೇವರು ಯಾರಿಗೆ ಮೊದಲು ಕೊಟ್ಟದ್ದು ಅಂತ. ಅಷ್ಟರಲ್ಲಿ ಪಂಚಾಂಗದ ಪುಟ ಜೆರಾಕ್ಸ್ ಮಾಡಿಸಲು ಆ ದೇವಸ್ಥಾನದ ಭಟ್ರೇ ಬಂದರು.

"ಎಂತ ಭಟ್ರೇ, ಮೂರೂ ಜನ ಗೆಲ್ಲುಕ್ ಆತ್ತಾ?" ಅಂದರು ಜಗಳದವರು.

ಭಟ್ರು ಕನ್ನಡಕ ಒರೆಸಿಕೊಂಡರು. "ಗೆಲ್ತ್ರಿ. ಯಾವ್ ಚುನಾವಣೆಯಂಗೆ ಅಂತ ನೀವ್ ಕೇಣ್ಲಿಲ್ಲ."

ಗುಲಾಬಕ್ಕನನ್ನು ಕೇಳಿದರೆ ಅವಳದ್ದು ಬೇರೆಯೇ ಕಥೆ. "ನಾನ್ ಗೆಲ್ಲುದ್ ಕೇಣ್ಲೇ ಇಲ್ಲೆ. ಮಾಡ್ ಆತ್ತಾ ಅಂದೆ. ಬಲಕ್ಕೆ ಬಿತ್ತ್."

ಬೊಂಬಾಯಿ ಬಸ್ಸು

ನಮ್ಮ ವಾರ್ಡಿನ ಓಟುಗಳಲ್ಲಿ ಒಂದಷ್ಟು ಬೊಂಬಾಯಿಯ ಹೋಟೆಲುಗಳಲ್ಲಿ ಇಡ್ಲಿ ಬೇಯಿಸುತ್ತಿರುತ್ತವೆ. ಚುನಾವಣೆ ಬಂದಾಗ ಎರಡೂ ಪಕ್ಷದವರು ಒಂದೊಂದು ಬಸ್ಸು ಮಾಡಿ ಕರೆಸುತ್ತಾರೆ. "ನಿಮ್ದ್ ಬಸ್ಸೆಲ್ಲಿ ಗುಲಾಬಕ್ಕ?" ಅಂತ ಅವರು ಚುಡಾಯಿಸಿದರು. ಅವಳು ಮೊಬೈಲು ಹಿಡಿದು ನನ್ನ ಅಂಗಡಿಯ ಹಿಂದೆ ನಿಂತಳು. ಒಬ್ಬೊಬ್ಬರಿಗೂ ಒಂದೇ ಮಾತು, ಅಷ್ಟು ದೊಡ್ಡ ಸ್ವರದಲ್ಲಿ ಬೊಂಬಾಯಿಗೆ ಫೋನೇ ಬೇಡವಾಗಿತ್ತು:

"ಹ್ವಾಯ್ ಮಗಾ, ಬಪ್ಪುದ್ ಒಂದ್ ಪಕ್ಷದ್ ಬಸ್ಸಂಗೆ, ಹೋಪುದ್ ಇನ್ನೊಂದ್ ಪಕ್ಷದ್ ಬಸ್ಸಂಗೆ. ಯಾರಿಗೂ ಬೇಜಾರ್ ಮಾಡುದ್ ಬ್ಯಾಡ. ನಡೂಕ್ ಒಂದ್ ಓಟ್ ನಂಗೆ!"

ಏಲಂ

ಗುಲಾಬಕ್ಕ ಗೆದ್ದಳು. ಎರಡೂ ಪಕ್ಷದವರು ಓಟು ಸರಿಸಮ ಹಂಚಿಕೊಂಡು ಕಾದಾಡುವಾಗ ಇವಳು ಸಂದಿಯಲ್ಲಿ ತೂರಿಕೊಂಡು ಮುಂದೆ ಬಂದಿದ್ದಳು. ಇಡೀ ಪೇಟೆಯ ಫಲಿತಾಂಶ ಬಂದಾಗ ಇನ್ನೂ ತಮಾಷೆ. ಎರಡೂ ಪಕ್ಷಕ್ಕೆ ಸಮ ಸಮ ಸೀಟು. ಅಧ್ಯಕ್ಷರು ಯಾರಾಗಬೇಕೆಂಬುದು ಗುಲಾಬಕ್ಕನ ಒಂದು ಓಟಿನಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಎರಡೂ ಕಡೆಯ ಮುಖಂಡರು ಒಟ್ಟಿಗೇ ಮಾರ್ಕೆಟ್ಟಿಗೆ ಓಡಿ ಬಂದರು. ದಿನಾ ಬಂದರಿನಲ್ಲಿ ಮೀನಿನ ಹರಾಜಿಗೆ ಏಲಂ ಕೂಗುವುದನ್ನು ಕೇಳಿದವಳು ಅವಳು. ಖಾಲಿ ಬುಟ್ಟಿಯನ್ನು ನಡುವೆ ಇಟ್ಟು ಶುರು ಮಾಡಿಯೇಬಿಟ್ಟಳು. "ಹೇಳಿ, ಎಂತ ಕೊಡ್ತ್ರಿ?"

"ಮಾಡು!"

"ಮಾಡು, ನಳ್ಳಿ ನೀರು!"

"ಮಾಡು, ನಳ್ಳಿ, ಫ್ಯಾನು!"

"ಫ್ಯಾನ್ ಬ್ಯಾಡ, ನೊಣ ನನ್ ಬುಟ್ಟಿಯಿಂದ ಪಕ್ಕದ್ ಬುಟ್ಟಿಗ್ ಹಾರತ್ತ್, ಮತ್ತೆ ಜಗಳ. ಬಾಯಲ್ ಹೇಳುದ್ ಸಾಕ್. ಮಳೆಗಿಂತ ಮುಂಚೆ ಯಾರ್ ಮಾಡ್ ಹಾಕ್ತ್ರೋ, ಅವ್ರಿಗೆ ನನ್ ಓಟ್."

ಮಾಡು

ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಾರದೆ ಆ ಚುನಾವಣೆ ಮುಂದಕ್ಕೆ ಹೋಗುತ್ತಿತ್ತು. ಪುಣ್ಯಕ್ಕೆ ಇವರಿಗೆ ಸಮಯ ಸಿಕ್ಕಿತು. ಬಡಗಿನಿಂದ ಒಂದು ಪಕ್ಷದವರು, ತೆಂಕಿನಿಂದ ಇನ್ನೊಂದು ಪಕ್ಷದವರು, ಒಂದೇ ದಿನ ಕಂಬ ನೆಟ್ಟು ಶೀಟು ಹಾಕಲು ಶುರುಮಾಡಿದರು. ಅಂಥ ವೇಗ ನಾನು ನೋಡಿಲ್ಲ. ಎರಡೂ ಮಾಡು ಹತ್ತಿರ ಹತ್ತಿರ ಬಂದು, ನಡುವೆ ಎರಡು ಕೈ ಅಗಲ ಉಳಿದಾಗ ಕೆಲಸ ನಿಂತಿತು.

"ಮುಚ್ಚಿ ಮಾರಾಯ್ರೆ" ಅಂದಳು ಗುಲಾಬಕ್ಕ.

"ಮುಚ್ಚಿದ್ರೆ ನಮ್ಮ ಶೀಟು ಅವರ ಕಂಬದ ಮೇಲೆ ಕೂರುತ್ತದೆ. ಹೈಕಮಾಂಡ್ ಒಪ್ಪುವುದಿಲ್ಲ" ಅಂದರು ಇವರು. ಅವರೂ ಅದನ್ನೇ ಅಂದರು.

ಮಳೆ ಬಂತು. ಎರಡೂ ಮಾಡಿನ ನೀರು ಇಳಿಜಾರಲ್ಲಿ ಓಡಿ ಬಂದು ಆ ಸಂದಿಯಲ್ಲೇ ಸುರಿಯುತ್ತಿತ್ತು. ಸಂದಿಯ ಸಮ ಕೆಳಗೆ ಎರಡು ಗ್ರಾನೈಟು ಕಲ್ಲು, ಅದರ ಮೇಲೆ ಗುಲಾಬಕ್ಕ. ಮಾರ್ಕೆಟ್ಟಿನ ಎಲ್ಲ ಹೆಂಗಸರೂ ನೆನೆಯದೆ ಕೂತಿದ್ದರು, ಗೆದ್ದವಳೊಬ್ಬಳು ಕೊಡೆ ಹಿಡಿದಿದ್ದಳು.

"ದೇವ್ರದ್ದ್ ತಪ್ಪಿಲ್ಲೆ. ಪೂರ್ತಿ ಆತ್ತಾ ಅಂತ ನಾನೇ ಕೇಣ್ಲಿಲ್ಲೆ" ಅಂದಳು. ಕೂತ ಜಾಗ ಬಿಟ್ಟು ಏಳಲಿಲ್ಲ, ಓಟನ್ನೂ ಬಿಟ್ಟುಕೊಡಲಿಲ್ಲ. ಸಂದಿ ಮುಚ್ಚಿದವರಿಗೇ ಅದು ಅಂತ ಹೊಸ ಷರತ್ತು ಹಾಕಿದಳು. ಅಲ್ಲಿಯವರೆಗೆ ಅಂತ ನಮ್ಮ ಹಳೇ ಫ್ರಿಜ್ಜನ್ನು ತರಿಸಿ, ಬಾಗಿಲು ಕಿತ್ತು, ಸಂದಿಯ ಕೆಳಗೆ, ಕಲ್ಲುಗಳ ಪಕ್ಕದಲ್ಲೇ ಅಂಗಾತ ಮಲಗಿಸಿದಳು. ಅದು ಮಳೆನೀರಿನ ತೊಟ್ಟಿಯಾಯಿತು. ಏಲಂನಲ್ಲಿ ಕೂಗಿದ ನಳ್ಳಿ ಹೇಗೂ ಬಂದಿರಲಿಲ್ಲ. ಈಗ ಎಲ್ಲರೂ ಮೀನು ತೊಳೆಯುವುದು ಅದರಲ್ಲೇ.

ಮೊನ್ನೆ ಬ್ರಹ್ಮಾವರ ಕಡೆಯ ಹೊಸ ಗಿರಾಕಿಯೊಬ್ಬರು ಕಾಣೆ ಜಾತಿಯ ಮೀನಿಗೆ ಕೈ ಹಾಕಿದವರು, ಅವಳು ಅದನ್ನು ಫ್ರಿಜ್ಜಿನೊಳಗೆ ಅದ್ದಿ ತೆಗೆದದ್ದು ನೋಡಿ ಮುಖ ಸಿಂಡರಿಸಿ, ಪಕ್ಕದವಳ ಹತ್ತಿರ ಹೋದರು. ಗುಲಾಬಕ್ಕ ಕತ್ತಿ ಹಿಡಿದ ಕೈಯನ್ನೇ ಎತ್ತಿ ರಸ್ತೆಯಾಚೆಯಿಂದ ನನಗೆ ಕೂಗಿದಳು:

"ಹ್ವಾಯ್, ಜೆರಾಕ್ಸ್ ಅಮ್ಮಾ! ಗೆದ್ದ್ ಎಂತ ಬಂತ್? ನೀವಾರೂ ನಾಕ್ ಜನಕ್ಕೆ ಹೇಳಿ, ಗೆದ್ದದ್ದ್ ಫ್ರಿಜ್ಜ್, ಮೀನ್ ಇವತ್ತಿಂದೇ ಅಂತ!"

ನಾನು ನಿಮಗೆ ಹೇಳಿದ್ದೇನೆ. ಉಳಿದ ಮೂರು ಜನಕ್ಕೆ ನೀವು ಹೇಳಿ.