ಭಾರಕ್ಕೆ ತಕ್ಕ ಬಾಗು

ನನ್ನ ಹೆಂಡತಿಯ ಅಣ್ಣ ಯಾರನ್ನಾದರೂ ಮೊದಲ ಸಲ ಕಂಡಾಗ ಮುಖ ನೋಡುತ್ತಿರಲಿಲ್ಲ. ಹೆಗಲು ನೋಡುತ್ತಿದ್ದ, ಮುಂಗೈ ನೋಡುತ್ತಿದ್ದ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ದರ್ಜಿ ಬಟ್ಟೆಯ ತಾನನ್ನು ಅಳೆಯುವ ಹಾಗೆ ಇಡೀ ಆಸಾಮಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಮದುವೆಯ ಮಾತುಕತೆಗೆಂದು ನಾನು ಕುಂಬಳೆಯ ಅವರ ಮನೆಗೆ ಹೋದ ದಿನವೂ ಅಷ್ಟೇ. ಉಳಿದವರೆಲ್ಲ ಹುಡುಗನ ಕೆಲಸವೇನು, ಯಾವ ಇಗರ್ಜಿ, ಕುಡಿಯುವ ಅಭ್ಯಾಸ ಉಂಟೋ ಎಂದು ವಿಚಾರಿಸುತ್ತಿದ್ದರೆ ಇವನು ಬಾಗಿಲ ಪಕ್ಕ ನಿಂತು ನನ್ನನ್ನು ನೋಡಿ ತಲೆಯಾಡಿಸಿದ. "ಇವರಿಗೆ ಒಳ್ಳೆ ಗಟ್ಟಿ ಕೋಲೇ ಬೇಕು" ಅಂದ.

ನನ್ನ ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಹೆಣ್ಣಿನ ಕಡೆಯವರು ಮೊದಲ ದಿನವೇ ಅಳಿಯನಿಗೆ ಕೋಲಿನ ಮಾತೆತ್ತಿದರೆ ಯಾವ ತಂದೆಗೆ ಗಾಬರಿಯಾಗುವುದಿಲ್ಲ ಹೇಳಿ?

ಅದು ಹೊಡೆಯುವ ಕೋಲಲ್ಲ, ಹಾಕಿ ಕೋಲು ಎಂದು ತಿಳಿದಾಗ ಅಪ್ಪನಿಗೆ ಸಮಾಧಾನವಾಯಿತು. ಅದು ನೆಲದ ಮೇಲೆ ಓಡುತ್ತ ಆಡುವ ಹಾಕಿಯಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡು ಜಾರುತ್ತ ಆಡುವ ಹಾಕಿ ಎಂದು ತಿಳಿದಾಗ ಆ ಸಮಾಧಾನ ಪುನಃ ಹೋಯಿತು. ಆದರೆ ಅಷ್ಟರಲ್ಲಿ ನಾನು ಲೀನಾಳನ್ನು ನೋಡಿಯಾಗಿತ್ತು.

ಭಾವ ಕುವೈತಿನಲ್ಲಿ ಒಂದು ಎಣ್ಣೆ ಕಂಪೆನಿಯ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದವನು. ಅಲ್ಲಿನ ಕೆನಡಾದ ಇಂಜಿನಿಯರುಗಳಿಗೆ ತಮ್ಮ ಊರಿನ ಹಿಮದ ನೆನಪು. ಮರುಭೂಮಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಹಾಗಾಗಿ ಸಂಜೆಯಾದ ಮೇಲೆ ಸಿಮೆಂಟು ನೆಲದ ಮೇಲೆ ಚಕ್ರ ಕಟ್ಟಿಕೊಂಡು, ಕಣ್ಣು ಅರೆ ಮುಚ್ಚಿ, ಹಿಮವೆಂದೇ ತಿಳಿದು ಆಡುತ್ತಿದ್ದರಂತೆ. ಚೆಂಡು ಹೆಕ್ಕಿ ಕೊಡಲು ನಿಂತ ಭಾವ ನಿಧಾನಕ್ಕೆ ಆಟಕ್ಕಿಳಿದ. ಅವನು ಹಿಮವನ್ನು ನೋಡಿದವನೇ ಅಲ್ಲ. ಆದರೂ ಅವರೆಲ್ಲರಿಗಿಂತ ಚೆನ್ನಾಗಿ ಹಿಮದ ಮೇಲೆ ಜಾರುತ್ತಿದ್ದದ್ದು ತಾನೇ ಎಂದು ಹೇಳುತ್ತಿದ್ದ.

ತೊಂಬತ್ತರಲ್ಲಿ ಯುದ್ಧ ಬಂತು. ನಮ್ಮ ಕಡೆಯ ಎಷ್ಟೋ ಮಂದಿ ಉಟ್ಟ ಬಟ್ಟೆಯಲ್ಲಿ ಊರಿಗೆ ಮರಳಿದರು. ಕೆಲವರು ಹೇಗೋ ಚಿನ್ನ ಉಳಿಸಿಕೊಂಡು ಬಂದರು, ಕೆಲವರು ಕ್ಯಾಸೆಟ್ ರೆಕಾರ್ಡರ್ ತಂದರು. ಭಾವ ಹಗಲು ಸುಡುವ, ರಾತ್ರಿ ನಡುಗಿಸುವ ಮರಳುಗಾಡು ದಾಟಿ, ಡೇರೆಗಳಲ್ಲಿ ಮಲಗಿ, ವಿಮಾನ ಹತ್ತಿ, ಕೊನೆಗೆ ಕುಂಬಳೆ ಸ್ಟೇಷನಿನಲ್ಲಿ ಇಳಿದಾಗ ಅವನ ಚೀಲ ಎತ್ತಲು ಹೋದ ಲೀನಾ, "ಎಂತ ಇದು, ಇಷ್ಟು ಭಾರ? ಬಂಗಾರವಾ?" ಎಂದು ಕೇಳಿದಳಂತೆ. ಒಳಗಿದ್ದದ್ದು ಚಕ್ರದ ಮೆಟ್ಟುಗಳು, ಬೂಟಿನ ಮೇಲೆ ಕಟ್ಟಿ ಅಳತೆಗೆ ತಿರುಗಿಸಿ ಬಿಗಿದುಕೊಳ್ಳುವಂಥವು. ಒಂದು ಇಡೀ ತಂಡಕ್ಕಾಗುವಷ್ಟು! ಕೋಲುಗಳನ್ನು ಮಾತ್ರ ತರಲಾಗಲಿಲ್ಲ. ಡೇರೆಯಲ್ಲಿ ಚಳಿಗೆ ಒಲೆ ಉರಿಸಲು ಯಾರೋ ಅವನ್ನು ತೆಗೆದುಕೊಂಡರಂತೆ. "ಹೋಗಲಿ, ಮಕ್ಕಳಿಗೆ ಹಾಲು ಕಾಯಿಸಿದರು" ಎನ್ನುತ್ತಿದ್ದ. ಬೇಸರ ತೋರಿಸುತ್ತಿರಲಿಲ್ಲ. ಆದರೆ ಆ ದಿನದಿಂದ ಅವನ ಬದುಕಿಗೆ ಒಂದೇ ಪ್ರಶ್ನೆ ಉಳಿಯಿತು: ಸರಿಯಾದ ಕೋಲು ಎಲ್ಲಿ ಸಿಗುತ್ತದೆ?

ಅಂಗಡಿಯಲ್ಲಿ ಸಿಗುವ ಹಾಕಿ ಕೋಲನ್ನು ಅವನಿಗೆ ತೋರಿಸುವಂತಿರಲಿಲ್ಲ. "ಅದು ಕೋಲಲ್ಲ ಮಾರಾಯ, ಒನಕೆ" ಅನ್ನುತ್ತಿದ್ದ. ಅವನ ಪ್ರಕಾರ ಕೋಲಿನ ಜೀವ ಇರುವುದು ಅದು ಬಾಗುವುದರಲ್ಲಿ. ಚೆಂಡಿನ ಸ್ವಲ್ಪ ಹಿಂದೆ ಕೋಲನ್ನು ನೆಲಕ್ಕೆ ಊರಿ ಮೈಭಾರ ಹಾಕಿದಾಗ ಅದು ಬಿಲ್ಲಿನ ಹಾಗೆ ಬಾಗಬೇಕು. ಮರಳಿ ನೆಟ್ಟಗಾಗುವಾಗ ಚೆಂಡನ್ನು ತಾನೇ ಚಿಮ್ಮಿಸಬೇಕು. ತೆಳ್ಳಗಿನವನ ಕೈಗೆ ಗಟ್ಟಿ ಕೋಲು ಕೊಟ್ಟರೆ ಅದು ಬಾಗುವುದೇ ಇಲ್ಲ, ಚೆಂಡು ಅಲ್ಲೇ ಉರುಳಿ ನಿಲ್ಲುತ್ತದೆ. ದಪ್ಪದವನ ಕೈಗೆ ಮೆದು ಕೋಲು ಕೊಟ್ಟರೆ ಬೆಂದ ಶಾವಿಗೆಯಂತೆ ಬಳುಕುತ್ತದೆ, ಚೆಂಡು ತನಗೆ ಮನಸ್ಸು ಬಂದ ಕಡೆ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬ ಮನುಷ್ಯನಿಗೂ ಅವನ ಭಾರಕ್ಕೆ ತಕ್ಕ ಬಾಗು ಇರುವ ಒಂದು ಕೋಲು ಈ ಲೋಕದಲ್ಲಿ ಇದ್ದೇ ಇದೆ, ಹುಡುಕಬೇಕು ಅಷ್ಟೆ. ಗಂಡುಹೆಣ್ಣುಗಳ ವಿಷಯದಲ್ಲಿ ನಮ್ಮ ಫಾದರ್ ಇಗರ್ಜಿಯಲ್ಲಿ ಹೇಳುತ್ತಿದ್ದ ಮಾತು ಹೆಚ್ಚುಕಡಿಮೆ ಇದೇ. ಆದರೆ ಫಾದರ್ ಇಷ್ಟು ನಂಬಿಕೆಯಿಂದ ಹೇಳುತ್ತಿರಲಿಲ್ಲ.

ಹುಡುಕಾಟ ಶುರುವಾಯಿತು. ಹಲಸು ಆಯಿತು, ಹುಣಸೆ ಆಯಿತು, ಬಿದಿರು ಆಯಿತು. ಹಲಸು ಬಾಗಲಿಲ್ಲ. ಬಿದಿರು ಬಾಗಿತು, ಆದರೆ ಸೀಳಿ ಅವನ ಅಂಗೈಗೆ ಹೊಕ್ಕಿತು. ಮದುವೆ ಮನೆಗೆ ಹೋದರೆ ಅವನ ಕಣ್ಣು ಹಿರಿಯರ ಊರುಗೋಲುಗಳ ಮೇಲೆ. ಒಮ್ಮೆ ಒಬ್ಬ ಅಜ್ಜನ ಕೋಲನ್ನು ಕೇಳಿ ಪಡೆದು, ನೆಲಕ್ಕೂರಿ, ನಡುವೆ ಒತ್ತಿ ನೋಡಿ, ಬಹಳ ದುಃಖದಿಂದ ಹಿಂದೆ ಕೊಟ್ಟ.

"ಅಜ್ಜ, ಇದು ನಿಮಗೆ ಗಟ್ಟಿಯಾಯಿತು. ಇದರಲ್ಲಿ ನೀವು ಗೋಲು ಹೊಡೆಯಲಿಕ್ಕಿಲ್ಲ."

ಅಜ್ಜ ಅವನನ್ನು ದಿಟ್ಟಿಸಿ ನೋಡಿ, "ಗೋಲು ಬೇಡ ಮಗಾ, ಊಟದ ಪಂಕ್ತಿವರೆಗೆ ಹೋದರೆ ಸಾಕು" ಅಂದರು.

ಕೊನೆಗೆ ಉತ್ತರ ಸಿಕ್ಕಿದ್ದು ಬಾಯಾರು ಎಂಬ ಊರಿನಲ್ಲಿ. ಅಲ್ಲೊಬ್ಬ ಪರಿಚಯದವರ ತೋಟದಲ್ಲಿ ಗಾಳಿಗೆ ಬಿದ್ದ ಹಳೆಯ ಅಡಿಕೆ ಮರವನ್ನು ಸೀಳುತ್ತಿದ್ದರು. ಭಾವ ಒಂದು ಸಲಾಕೆ ಎತ್ತಿ ಮೊಣಕಾಲಿಗೆ ಒತ್ತಿದ. ಅದು ಬಾಗಿ, ಕೈಬಿಟ್ಟ ಕೂಡಲೇ ಟಣ್ ಎಂದು ನೆಟ್ಟಗಾಯಿತಂತೆ. ಅವನು ಅಲ್ಲೇ ಶಿಲುಬೆಯ ಗುರುತು ಮಾಡಿಕೊಂಡ. ಸಲಾಕೆಗಳ ಕಟ್ಟನ್ನು ಬಸ್ಸಿನ ಮೇಲೇರಿಸುವಾಗ ಕಂಡಕ್ಟರ್ ಕೇಳಿದ, "ಎಂತಕ್ಕೆ ಇದು, ಚಪ್ಪರಕ್ಕಾ?"

"ಹಾಕಿಗೆ."

"ಯಾವ ಹಕ್ಕಿಗೆ?"

ಉಪ್ಪಳ ಬರುವವರೆಗೆ ಭಾವ ಅವನಿಗೆ ವಿವರಿಸಿದ. ಇಳಿಯುವಾಗ ಕಂಡಕ್ಟರ್, "ಗೂಡು ಕಟ್ಟಲಿಕ್ಕೆ ಸಾಕಾಗ್ತದಲ್ಲ?" ಎಂದು ಕೇಳಿದನಂತೆ.

ಇನ್ನು ಬೇಕಾದದ್ದು ನಯವಾದ ನೆಲ. ಊರಿಗೆ ಮರಳಿದ ಮೇಲೆ ಭಾವ ಒಂದು ಅಕ್ಕಿ ಮಿಲ್ಲಿನಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದ. ಮಿಲ್ಲಿನ ಮುಂದೆ ಬೇಯಿಸಿದ ಭತ್ತ ಒಣಗಿಸುವ ವಿಶಾಲವಾದ ಸಿಮೆಂಟು ಅಂಗಳವಿತ್ತು. ಮಿಲ್ಲಿನ ಯಜಮಾನರು ಒಬ್ಬ ಹಾಜಿಯವರು. ಭಾವ ಅವರ ಅಪ್ಪಣೆ ಕೇಳಲು ಮಾತಾಡಲಿಲ್ಲ. ಚಕ್ರ ಕಟ್ಟಿಕೊಂಡು ಅಂಗಳದಲ್ಲಿ ಒಂದು ಸುತ್ತು ಬಂದು ಅವರ ಕುರ್ಚಿಯ ಮುಂದೆ ಮೆಲ್ಲನೆ ನಿಂತ. ಹಾಜಿಯವರು ಗಡ್ಡ ನೇವರಿಸಿಕೊಂಡರು.

"ಇನ್ನೊಂದು ಸುತ್ತು ಬಾ ನೋಡುವ" ಅಂದರು.

ಅಂದಿನಿಂದ ಭತ್ತ ಬಳಿದು ರಾಶಿ ಹಾಕಿದ ಮೇಲೆ ಸಂಜೆಯ ಅಂಗಳ ನಮ್ಮದಾಯಿತು. ಮಿಲ್ಲಿನ ಹುಡುಗರು ಮೂವರು, ಭಾವ, ನಾನು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು, ಪಂಚೆಯಲ್ಲೇ ಎಡವುವವನು. ಚಕ್ರದ ಮೇಲೆ ನಿಂತ ಕೂಡಲೇ ನನ್ನ ಎಡಗಾಲು ಮಂಜೇಶ್ವರಕ್ಕೂ ಬಲಗಾಲು ಕಾಸರಗೋಡಿಗೂ ಹೊರಟವು. ಭಾವ ನನ್ನನ್ನು ಹೆಕ್ಕಿ ನಿಲ್ಲಿಸಿ, "ನೀವು ಗೋಲಿನಲ್ಲಿ ನಿಲ್ಲಿ ಮಾಸ್ಟ್ರೇ. ಅಲ್ಲಿ ಬಾಗದವರೇ ಬೇಕು" ಅಂದ.

ಒಬ್ಬ ಆಟಗಾರ ಕಡಿಮೆ ಬಿದ್ದ ದಿನ ಲೀನಾ ಬಂದಳು. ಅಣ್ಣನಿಗೆ ಬೈಯಲೆಂದೇ ಬಂದವಳು, ಬೈದು ಮುಗಿದ ಮೇಲೆ, "ಕೊಡು ಇಲ್ಲಿ, ಇದರಲ್ಲಿ ಎಂತ ಉಂಟು ನೋಡುವ" ಎಂದು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದಳು. ಭಾವ ಅವಳಿಗೊಂದು ಕೋಲು ಮಾಡಲು ಹೊರಟ. ಕೆತ್ತುವುದು, ಅವಳಿಂದ ಒತ್ತಿಸಿ ನೋಡುವುದು, ತಲೆಯಲ್ಲಾಡಿಸಿ ಪುನಃ ಕೆತ್ತುವುದು. ತುದಿಗೆ ಹಲಸಿನ ಹಲಗೆ ಜೋಡಿಸಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಅವಳು ಅದನ್ನು ನೆಲಕ್ಕೂರಿ ಹೊಡೆದ ಮೊದಲ ಚೆಂಡು ನನ್ನ ಕಿವಿಯ ಪಕ್ಕದಲ್ಲಿ ಹಾದು ತವುಡಿನ ಗೋಣಿಯಲ್ಲಿ ಹುದುಗಿತು. ಹುಡುಕಲು ನಮಗೆ ಬಹಳ ಹೊತ್ತು ಹಿಡಿಯಿತು. ಭಾವ ಹುಡುಕಲು ಬರಲಿಲ್ಲ. ಅವನು ಅಂಗಳದ ನಡುವೆ ನಿಂತು ಆಕಾಶ ನೋಡುತ್ತಿದ್ದ.

ಆ ಸಂಜೆಗಳನ್ನು ಈಗ ನೆನೆದರೆ ನಿಜವಾಗಿ ನಡೆದವೋ, ನಾನು ಕನಸು ಕಂಡೆನೋ ಎನ್ನಿಸುತ್ತದೆ. ಹಂಡೆಗಳಲ್ಲಿ ಕುಚ್ಚಲಕ್ಕಿಯ ಭತ್ತ ಬೇಯುತ್ತಿರುತ್ತಿತ್ತು. ಅದರ ಬಿಳಿ ಹಬೆ ಅಂಗಳದ ಮೇಲೆ ತೇಲಿ ಬಂದು ನಮ್ಮ ಮೊಣಕಾಲುಗಳನ್ನು ಮುಚ್ಚುತ್ತಿತ್ತು. ಪಡುವಣದಿಂದ ಕಡಲಿನ ಬೆಳಕು ತೆಂಗಿನ ಮರಗಳ ನಡುವೆ ಓರೆಯಾಗಿ ಬಿದ್ದು ಆ ಹಬೆಯೆಲ್ಲ ಕೇಸರಿಯಾಗುತ್ತಿತ್ತು. ಕಾಲುಗಳು ಕಾಣದೆ, ಚಕ್ರಗಳ ಸದ್ದೂ ಮೆತ್ತಗಾಗಿ, ಲೀನಾ ಮತ್ತು ಅವಳ ಅಣ್ಣ ನೆಲ ತಾಗದವರ ಹಾಗೆ ಸುತ್ತುತ್ತಿದ್ದರು. ಹಾಜಿಯವರು ಕುರ್ಚಿಯಲ್ಲಿ ಕುಳಿತು ಜಪಮಣಿ ಎಣಿಸುವುದನ್ನು ಮರೆತು ನೋಡುತ್ತಿದ್ದರು. ಗೋಲಿನಲ್ಲಿ ನಿಂತ ನನಗೆ ಚೆಂಡು ಬಂದದ್ದೂ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಹಿಮ ಎಂದರೆ ಹೀಗೇ ಇರಬಹುದು ಎಂದುಕೊಳ್ಳುತ್ತಿದ್ದೆ, ಬೆಚ್ಚಗೆ, ಬೆಂದ ಭತ್ತದ ಪರಿಮಳದಲ್ಲಿ.

ಮರುವರ್ಷ ಲೀನಾ ಬಸುರಿಯಾದಳು. ಆಟ ನಿಂತಿತು. ಮಳೆಗಾಲದ ನಡುವೆ ಒಂದು ದಿನ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳೇನೋ ಮನೆಗೆ ಬಂದಳು, ಮಗು ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಎಲ್ಲರೂ ಅವಳಿಗೆ ಏನಾದರೊಂದು ಹೇಳಿದರು. ಫಾದರ್ ಹೇಳಿದರು, ಅತ್ತೆ ಹೇಳಿದರು, ನಾನೂ ಹೇಳಿದೆ. ಅವಳು ಎಲ್ಲದಕ್ಕೂ ಹೂಂ ಅಂದಳು. ಗಂಜಿ ಬಡಿಸಿದರೆ ಎರಡು ಚಮಚ ಉಂಡು, "ಸಾಕು, ಹೊಟ್ಟೆ ತುಂಬಿತು" ಎನ್ನುತ್ತಿದ್ದಳು. ಏನೂ ಹೇಳದಿದ್ದವನು ಭಾವ ಒಬ್ಬನೇ. ಮಳೆ ನಿಂತು ಅಂಗಳ ಒಣಗಿದ ಮೇಲೆ ಅವನು ನಮ್ಮ ಮನೆಗೆ ಬಂದು, "ಒಂದು ಆಳು ಕಡಿಮೆ ಉಂಟು, ಬಾ" ಎಂದು ಕರೆದ. ಯಾಕೋ, ಅವಳು ಎದ್ದು ಅವನ ಹಿಂದೆಯೇ ಹೋದಳು.

ಊರಿ ಹೊಡೆದರೆ ಅವಳ ಕೋಲು ಬಾಗಲಿಲ್ಲ. ಚೆಂಡು ನಾಲ್ಕು ಮಾರು ಉರುಳಿ ನಿಂತಿತು. ಪುನಃ ಹೊಡೆದಳು, ಪುನಃ ನಿಂತಿತು. ಅವಳು ಕೋಲು ಕೆಳಗಿಟ್ಟು, "ನನಗೆ ಮರೆತುಹೋಯಿತು" ಅಂದಳು.

ಭಾವ ಕೋಲನ್ನೆತ್ತಿ ತಿರುಗಿಸಿ ನೋಡಿದ. "ನೀನಲ್ಲ. ಇದಕ್ಕೆ ಮಳೆಯ ಥಂಡಿ ಹಿಡಿದಿದೆ. ನಾಳೆ ಸರಿ ಮಾಡಿ ಕೊಡ್ತೇನೆ."

ಮರುದಿನ ಚೆಂಡು ಸ್ವಲ್ಪ ಹೆಚ್ಚು ದೂರ ಹೋಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಕೋಲು ಮತ್ತೆ ಗಟ್ಟಿಯಾಯಿತು. ಅವನು ಮತ್ತೆ ಕೊಂಡುಹೋದ, ಸರಿ ಮಾಡಿ ತಂದ. ಒಂದು ಮಧ್ಯಾಹ್ನ ನಾನು ಅವನ ಮನೆಗೆ ಹೋದಾಗ ಅವನು ಹಿತ್ತಿಲ ಜಗಲಿಯಲ್ಲಿ ಕುಳಿತು ಒಡೆದ ಗಾಜಿನ ಚೂರಿನಿಂದ ಆ ಕೋಲನ್ನು ಹೆರೆಯುತ್ತಿದ್ದ. ಎಷ್ಟು ಮೆಲ್ಲಗೆ ಎಂದರೆ, ಎಳೆಮಗುವಿನ ಉಗುರು ಕತ್ತರಿಸುವ ಹಾಗೆ.

"ಇನ್ನೂ ಥಂಡಿ ಹೋಗಲಿಲ್ವಾ ಇದರದ್ದು?" ಎಂದು ತಮಾಷೆ ಮಾಡಿದೆ.

ಅವನು ನಗಲಿಲ್ಲ. "ಕೋಲಿಗೆ ಎಂತದ್ದೂ ಆಗಲಿಲ್ಲ ಮಾಸ್ಟ್ರೇ. ಕೋಲು ಇದ್ದ ಹಾಗೇ ಉಂಟು. ಅವಳು ಕರಗ್ತಾ ಇದ್ದಾಳೆ."

ನಾನು ಜಗಲಿಯ ಮೇಲೆ ಕುಳಿತುಬಿಟ್ಟೆ. ಅವಳು ದಿನಾ ನನ್ನ ಕಣ್ಣ ಮುಂದೆಯೇ ಓಡಾಡುತ್ತಿದ್ದಳು. ಸಡಿಲ ರವಿಕೆ, ಜಾರುವ ಬಳೆ ಎಲ್ಲ ಆಗ ಒಂದೊಂದಾಗಿ ಕಣ್ಣಿಗೆ ಬಂದವು.

"ಅವಳಿಗೆ ಹೇಳಬಾರದಾ?"

"ಹೇಳಿ ಎಂತ ಮಾಡುವುದು? ಊಟ ಮಾಡು ಅಂತ ಎಲ್ಲರೂ ಹೇಳಿಯಾಯಿತು. ನೀನು ಸೋತಿದ್ದೀ ಅಂತ ಇನ್ನು ನಾನೊಬ್ಬ ಹೇಳುವುದಾ?" ಅವನು ಗಾಜಿನ ಚೂರನ್ನು ಪಂಚೆಗೆ ಒರೆಸಿಕೊಂಡ. "ಸದ್ಯಕ್ಕೆ ಕೋಲೇ ಸೋಲಲಿ. ಚೆಂಡು ದೂರ ಹೋದರೆ ಅವಳು ನಾಳೆಯೂ ಬರ್ತಾಳೆ. ಬಂದರೆ ಸಾಕು."

ಹಾಗೆ ಆ ಕೋಲು ತೆಳ್ಳಗಾಗುತ್ತ ಹೋಯಿತು. ಚೆಂಡು ದೂರ ಹೋಗುತ್ತಲೇ ಇತ್ತು, ಅವಳು ಬರುತ್ತಲೇ ಇದ್ದಳು. ಮೊದಮೊದಲು ಮಾತಿಲ್ಲದೆ ಸುತ್ತುತ್ತಿದ್ದಳು. ಆಮೇಲೊಂದು ದಿನ ನಾನು ಬಿದ್ದದ್ದಕ್ಕೆ ನಕ್ಕಳು. ಆ ನಗು ಮತ್ತೆ ಕೇಳಬೇಕೆಂದು ನಾನು ಅದೇ ಸಂಜೆ ಇನ್ನೊಮ್ಮೆ ಬಿದ್ದೆ, ಈ ಸಲ ಬೇಕೆಂದೇ.

ಕ್ರಿಸ್‌ಮಸ್ ಕಳೆದ ಮೇಲಿನ ಒಂದು ಸಂಜೆ. ಅವಳು ಅಂಗಳದ ಆ ತುದಿಯಿಂದ ಹಬೆ ಸೀಳಿಕೊಂಡು ಬಂದವಳು ಕೋಲನ್ನು ಊರಿ ಹೊಡೆದಳು. ಚಟ್ ಎಂದಿತು. ಚೆಂಡು ಎಲ್ಲೋ ಹೋಯಿತು, ಕೋಲಿನ ಅರ್ಧ ಅವಳ ಕೈಯಲ್ಲಿ, ಅರ್ಧ ನನ್ನ ಕಾಲಬುಡದಲ್ಲಿ.

"ಎಂತ ಕೋಲು ಮಾಡಿದ್ದು ನೀನು?" ಎಂದು ಲೀನಾ ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು. "ಹಿಡಿಸೂಡಿಯ ಕಡ್ಡಿ ಇದಕ್ಕಿಂತ ಗಟ್ಟಿ ಉಂಟು."

ತನ್ನ ಕೋಲಿನ ಬಗ್ಗೆ ಬಿಷಪರು ಹೇಳಿದರೂ ಕೇಳದ ಮನುಷ್ಯ ಅವನು. ಆ ದಿನ ಮಾತ್ರ ಎದುರು ಹೇಳಲಿಲ್ಲ. ಮುರಿದ ತುಂಡನ್ನು ಕೈಗೆ ತೆಗೆದುಕೊಂಡು, ಅವಳ ಹೆಗಲನ್ನೂ ಮುಂಗೈಯನ್ನೂ ಒಮ್ಮೆ ಕಣ್ಣಲ್ಲೇ ಅಳೆದು, ಚಕ್ರಗಳ ಸಮೇತ ಅಂಗಳದಲ್ಲೇ ಕಾಲು ಚಾಚಿ ಕುಳಿತು, "ಮುರಿಯಿತಲ್ಲ, ಮುರಿಯಿತಲ್ಲ" ಎನ್ನುತ್ತ ಅತ್ತ.

"ಅಯ್ಯೋ, ಒಂದು ಕೋಲಿಗೆ ಯಾರಾದರೂ ಅಳ್ತಾರಾ? ಇನ್ನೊಂದು ಮಾಡಿದರಾಯಿತು" ಅಂದಳು ಲೀನಾ. ಚಕ್ರ ಬಿಚ್ಚುತ್ತ, ಯಾರಿಗೆಂದಲ್ಲದೆ, "ಹಸಿವಾಗ್ತದೆ. ಇಲ್ಲಿ ತಿನ್ನಲಿಕ್ಕೆ ಎಂತಾದರೂ ಉಂಟಾ?" ಎಂದಳು.

ಹಾಜಿಯವರು ಕುರ್ಚಿಯಿಂದ ಎದ್ದ ವೇಗ ನೋಡಿದರೆ ಅವರಿಗೆ ಚಕ್ರ ಬೇಕಾಗಿರಲಿಲ್ಲ. ಪಕ್ಕದಲ್ಲೇ ಇದ್ದ ಅವರ ಮನೆಯಿಂದ ಅಕ್ಕಿ ರೊಟ್ಟಿಯಂಥ ಬಿಸಿ ಪತ್ತಿರಿಯೂ ಮೀನಿನ ಸಾರೂ ಬಂದವು. ಲೀನಾ ಭತ್ತದ ಗೋಣಿಗೆ ಒರಗಿ ಕುಳಿತು ತಿಂದಳು. ಮೊದಲನೆಯದು ಮುಗಿಯಿತು, ಎರಡನೆಯದನ್ನು ಹರಿದು ಸಾರಿಗೆ ಅದ್ದಿದಳು. ಭಾವ, ಹಾಜಿಯವರು, ನಾನು ಮೂವರೂ ನಮ್ಮ ನಮ್ಮ ತಟ್ಟೆ ಹಿಡಿದು ನಿಂತು ನೋಡುತ್ತಿದ್ದೆವು.

"ಎಂತ ನೋಡುವುದು?" ಎಂದಳು ಬಾಯಿ ತುಂಬಿಕೊಂಡೇ.

ಭಾವ ಮೂಗು ಒರೆಸಿಕೊಂಡು, ತನ್ನ ತಟ್ಟೆಯ ಪತ್ತಿರಿಗಳನ್ನು ಒಂದೊಂದಾಗಿ ಅವಳ ತಟ್ಟೆಗೆ ಹಾಕತೊಡಗಿದ.